ಹಸಿರು ಪೊರೆಗೆ ಎರೆದ ಹಾಲು

ಗಾಜಿನ ಹಲಗೆಯೊಂದನ್ನು ನೀರಿಗೆ ಇಳಿಸುವುದು ಯಾವ ಮಹಾ ಕೆಲಸ ಎನ್ನುವವರು ಚಂದ್ರಕಲಾಳ ಕೈ ನೋಡಿದವರಲ್ಲ. ಸೇಡಂನ ಕಾಲೇಜೊಂದರ ರಸಾಯನಶಾಸ್ತ್ರದ ಲ್ಯಾಬಿನಲ್ಲಿ, ಕಿಟಕಿ ಪಕ್ಕದ ಶಹಾಬಾದ್ ಕಲ್ಲಿನ ಕಟ್ಟೆ ಅವಳ ಜಾಗವಾಗಿತ್ತು. ಗಾಜಿನ ಕಡ್ಡಿಯ ಎರಡೂ ತುದಿಗೆ ಎರಡೆರಡು ಸುತ್ತು ಟೇಪು ಸುತ್ತುತ್ತಿದ್ದಳು. ಬೆಲ್ಲದ ಪಾಕದಷ್ಟು ಮಂದವಾದ ಕಡುಹಸಿರು ದ್ರಾವಣವನ್ನು ಹಲಗೆಯ ಒಂದು ಅಂಚಿಗೆ ಸುರಿದು, ಕಡ್ಡಿಯನ್ನು ಒಂದೇ ಎಳೆತಕ್ಕೆ ತನ್ನ ಕಡೆ ಎಳೆಯುತ್ತಿದ್ದಳು. ಟೇಪು ಎಷ್ಟು ದಪ್ಪವೋ ಪಾಕವೂ ಅಷ್ಟೇ ದಪ್ಪ ಹರಡುತ್ತಿತ್ತು. ಎರಡು ಉಸಿರು ತಡೆದು, ಹಲಗೆಯನ್ನು ಓರೆಯಾಗಿ ಹಿಡಿದು ತೊಟ್ಟಿಯ ನೀರಿಗೆ ಬಿಟ್ಟರೆ ನೀರು ಅಲುಗುತ್ತಿರಲಿಲ್ಲ. ಪಾಕ ನೀರಿನಲ್ಲೇ ಹೆಪ್ಪುಗಟ್ಟಿ ಹಾಳೆಯಾಗಿ, ಗಾಜನ್ನು ತಾನೇ ಬಿಟ್ಟು ಮೇಲೇಳುತ್ತಿತ್ತು. ಅದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿಯುವಳು. ಸೂಜಿ ಮೊನೆಯಷ್ಟು ಬೆಳಕು ತೂರಿ ಬಂದರೂ ಹಾಳೆ ಕಸದ ಬುಟ್ಟಿಗೆ.

ಗುರುದೇವಿ ಮೇಡಂ ಎಂ.ಎಸ್ಸಿ.ಯಲ್ಲಿ ಚಿನ್ನದ ಪದಕ ಪಡೆದವಳು, ಇದೇ ಹಾಳೆಯ ಮೇಲೆ ಪಿಎಚ್.ಡಿ. ಮಾಡುತ್ತಿದ್ದವಳು. ಅವಳು ಅದ್ದಿದ ಹತ್ತರಲ್ಲಿ ನಾಲ್ಕು ಹಾಳೆ ಗುಳ್ಳೆ ಏಳುತ್ತಿದ್ದವು. ಏಳನೇ ಇಯತ್ತೆಗೆ ಶಾಲೆ ಬಿಟ್ಟ ಚಂದ್ರಕಲಾ ಅದ್ದಿದ ಹತ್ತರಲ್ಲಿ ಒಂಬತ್ತು ನಿಲ್ಲುತ್ತಿದ್ದವು.

"ಅದೇನ್ ಮಂತ್ರ ಹಾಕ್ತಿ ಚಂದ್ರಕಲಕ್ಕ, ನನಗೂ ಜರಾ ಹೇಳಿಕೊಡು."

"ಮಂತ್ರ ಎಲ್ಲಿಂದ ಬರ್ಬೇಕ್ರಿ ಮೇಡಂ. ನೀರಿಗಿ ಗೊತ್ತಾಗಬಾರದು, ಅಷ್ಟೇ. ನಮ್ಮಪ್ಪ ಹೊಳ್ಯಾಗ ಮೀನಿನ ಬಲಿ ಹಂಗೇ ಬಿಡ್ತಿದ್ದ. ನೀವು ಆಸಾಮಿಗಿ ಹೊಡ್ದಂಗ ಹೊಡೀತೀರಿ ಅದಕ."

ಅಪ್ಪ ಖಂಡಪ್ಪ ಕಾಗಿಣಾ ಹೊಳೆಯಲ್ಲಿ ಮೀನು ಹಿಡಿದು ಮಕ್ಕಳನ್ನು ಸಾಕಿದವನು. ಹೊಳೆಯ ಮರಳು ಲಾರಿ ಹತ್ತಿ ಹೋಯಿತು, ಊರುಗಳ ಗಟಾರ ಹೊಳೆಗೆ ಬಂತು, ಬಲೆ ಅಟ್ಟ ಸೇರಿತು. ಮಗಳನ್ನು ಅದೇ ಹೊಳೆದಂಡೆಯ ಇನ್ನೊಂದು ಊರಿಗೆ, ತಮ್ಮವರೇ ಆದ ಮರೆಮ್ಮನ ಮಗ ಚೌಡೇಶನಿಗೆ ಕೊಟ್ಟ. ಚೌಡೇಶ ಕೋಡ್ಲಾ ಕಡೆ ಸಿಮೆಂಟ್ ಚೀಲ ಹೊರುವ ಗುತ್ತಿಗೆಯ ಆಳು. ಚಂದ್ರಕಲಾ ಕಾಲೇಜಿಗೆ ಸೇರಿದ್ದು ಕಸ ಹೊಡೆಯಲು, ಅದೂ ಹೊರಗುತ್ತಿಗೆಯ ಮೇಲೆ. ಒಂದು ದಿನ ಗುರುದೇವಿ ಅಳುಮುಖ ಮಾಡಿಕೊಂಡು ಹದಿನಾಲ್ಕನೇ ಹಾಳೆ ಎಸೆಯುವಾಗ, ಪೊರಕೆ ಬದಿಗಿಟ್ಟು "ನಾ ಒಂದು ಸಲ ಬಿಡ್ಲೇನ್ರಿ" ಎಂದು ಕೇಳಿದವಳು ಮೂರು ವರ್ಷ ಅದನ್ನೇ ಮಾಡಿದಳು. ಕಾಗದದಲ್ಲಿ ಮಾತ್ರ ಕೊನೆಯ ದಿನದವರೆಗೂ ಕಸ ಹೊಡೆಯುವವಳೇ.

ಆ ಹಸಿರು ಹಾಳೆಗೆ ಲ್ಯಾಬಿನವರು ಪೊರೆ ಎನ್ನುತ್ತಿದ್ದರು. ಐಸಿನ ತೊಟ್ಟಿಯೊಳಗೆ ಬೀಕರು ಇಟ್ಟು, ಆಸಿಡ್ಡಿಗೆ ಅನಿಲಿನ್ ಬೆರೆಸಿ, ಇನ್ನೊಂದು ಉಪ್ಪಿನ ದ್ರಾವಣವನ್ನು ಹನಿಹನಿಯಾಗಿ ಬಿಟ್ಟರೆ ಅದು ಮೊದಲು ನೀಲಿಯಾಗಿ, ಆಮೇಲೆ ಗಾಢ ಹಸಿರಿಗೆ ತಿರುಗುತ್ತದೆ. ಅದು ಕರೆಂಟು ಹರಿಯಬಲ್ಲ ಪ್ಲಾಸ್ಟಿಕ್ಕು. ಅದರ ಜೊತೆ ಅಲ್ಯುಮಿನಾದ ಪುಡಿ. ಎಷ್ಟು ನುಣ್ಣಗಿನ ಪುಡಿ ಎಂದರೆ ಕೂದಲಿನ ಅಗಲದಲ್ಲಿ ಸಾವಿರಾರು ಕಣ ಸಾಲಾಗಿ ಕೂತಾವು. ಪೊರೆಯ ಮೂಲಕ ಬೋರಿನ ನೀರು ಹಾಯ್ದರೆ ನೀರಿನ ಫ್ಲೋರೈಡು ಅಲ್ಲೇ ಉಳಿಯುತ್ತದೆ. ಸಣ್ಣಗೆ ಕರೆಂಟು ಕೊಟ್ಟರೆ ದಿನದಿನದ ರಾಡಿ ಪೊರೆಗೆ ಅಂಟುವುದಿಲ್ಲ. ಇದನ್ನೆಲ್ಲ ಪ್ರೊಫೆಸರ್ ಮಡಿವಾಳಯ್ಯನವರು ಬಂದವರಿಗೆ ಹೇಳುವಾಗ, ಚಹಾದ ಕಪ್ಪು ಹಿಡಿದು ನಿಂತು ಅವಳು ಕೇಳಿಸಿಕೊಂಡದ್ದು. ಅವಳನ್ನು ಕೂಡಿಸಿ ಯಾರೂ ಹೇಳಲಿಲ್ಲ.

ಕೇಳಿಸಿಕೊಂಡದ್ದೇ ಅವಳ ಎದೆಗೆ ನಾಟಿತು. ಏಕೆಂದರೆ ಅವಳ ಊರಿನ ಬೋರಿನಲ್ಲಿ ಇರಬೇಕಾದುದಕ್ಕಿಂತ ಮೂರು ಪಟ್ಟು ಫ್ಲೋರೈಡು. ಊರಿನ ಹೆಸರು ಇಲ್ಲಿ ಬೇಡ. ಹೆಸರು ಹಿಡಿದು ಹೋಗಿ ಆ ಹೆಣ್ಣುಮಕ್ಕಳನ್ನು ಬೈದು ಬರುವವರಿಗೆ ನಮ್ಮಲ್ಲಿ ಕೊರತೆಯಿಲ್ಲ. ಅತ್ತೆ ಮರೆಮ್ಮನಿಗೆ ಇನ್ನೂ ಅರವತ್ತು ತುಂಬಿಲ್ಲ, ಬೆನ್ನು ಕುಡುಗೋಲಿನಂತೆ ಬಾಗಿದೆ. ಕುತ್ತಿಗೆ ಮೇಲೇಳುವುದಿಲ್ಲ. "ಸೂರ್ಯಾಮ ಮೂಡ್ಯಾನೋ ಇಲ್ಲೋ ನೆಲಾ ನೋಡೇ ಹೇಳ್ತೀನಿ" ಎಂದು ತಾನೇ ನಗೆಯಾಡುವಳು. ಒಂಬತ್ತು ವರ್ಷದ ಮಗಳು ಅಂಬಿಕಾ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ, ಹಲ್ಲಿನ ಮೇಲೆ ಕಂದು ಗೆರೆಗಳಿವೆ. ಆಗಲೇ ಒಂದು ವರ್ಷದಿಂದ ಬೆಳಿಗ್ಗೆ ಏಳುವಾಗ "ಮಣಕಾಲು ಹಿಡೀತದವ್ವ" ಎನ್ನತೊಡಗಿದ್ದಳು. ಹಲ್ಲಿನ ಗೆರೆ ಹೋಗುವುದಿಲ್ಲ ಎಂದು ಚಂದ್ರಕಲಾಳಿಗೆ ಗೊತ್ತಿತ್ತು. ಕಾಲು ಇನ್ನೂ ಉಳಿಯಬಹುದಿತ್ತು. ಅವಳಿಗೆ ಬೇಕಾದದ್ದು ಅದೊಂದೇ: ಮಗಳ ಕಾಲು.

ಊರಲ್ಲಿ ನಾಣ್ಯ ಹಾಕಿದರೆ ನೀರು ಬರುವ ಸರಕಾರದ ಕೋಣೆಯೊಂದು ಇತ್ತು. ಎಂಟು ತಿಂಗಳು ನಡೆಯಿತು. ಕೆಟ್ಟ ಮೋಟಾರು ಬಿಚ್ಚಿಕೊಂಡು ಹೋದ ಗುತ್ತಿಗೆದಾರ ತಿರುಗಿ ಬರಲಿಲ್ಲ. ಬೀಗ ಬಿತ್ತು. ಕಡತದಲ್ಲಿ ಬರೆದುಕೊಂಡದ್ದು 'ಗ್ರಾಮಸ್ಥರ ನಿರ್ಲಕ್ಷ್ಯ' ಎಂದು. ಆ ಎರಡು ಪದ ಊರವರ ಕಿವಿಗೂ ಬಿದ್ದಿದ್ದವು.

ಪೊರೆಯನ್ನು ಹಳ್ಳಿಯೊಂದರಲ್ಲಿ ಹಾಕಿ ನೋಡುವ ಮಾತು ಬಂದಾಗ ಚಂದ್ರಕಲಾ ಮಡಿವಾಳಯ್ಯನವರ ಬಾಗಿಲಲ್ಲಿ ನಿಂತಳು.

"ಸರ್, ನಮ್ಮೂರಾಗ ಹಾಕ್ರಿ."

"ಚಿಂಚೋಳಿ ಕಡೆ ಒಂದು ಹಳ್ಳಿ ನೋಡೀವಲ್ಲ."

"ಅಲ್ಲಿಂದ ದಿನಾ ನೀರು ತಂದು ತೋರ್ಸವ್ರು ಯಾರ್ರಿ? ನಮ್ಮೂರಾಗ ಆದ್ರ ನಾನೇ ಶೀಸಾ ತುಂಬ್ಕೊಂಡು ಬರ್ತೀನಿ, ಟಂಟಂ ಗಾಡ್ಯಾಗ ಅರ್ಧ ತಾಸು. ಕೀಲಿ ನನ್ನ ಕೈಯಾಗೇ ಇರ್ತದ."

ಕೂಲಿಯಿಲ್ಲದೆ ಕಾವಲು ಸಿಕ್ಕರೆ ಯಾರು ಬೇಡ ಎನ್ನುತ್ತಾರೆ? ಸರ್ ಒಪ್ಪಿದರು.

ಹೋದ ವರ್ಷ ಏಪ್ರಿಲ್ಲಿನಲ್ಲಿ ಶಾಲೆಯ ಗೋಡೆಗೆ ಹತ್ತಿ ಘಟಕ ನಿಂತಿತು. ಮೇಲೆ ನೀರು ತುಂಬುವ ನೀಲಿ ಟಾಕಿ, ಕೆಳಗೆ ಸುತ್ತಿಟ್ಟ ಪೊರೆಯ ಭದ್ರ ಡಬ್ಬಿ, ಕರೆಂಟಿಗೆ ಅಂಗೈಯಗಲದ ಸೋಲಾರ್ ಹಲಗೆ, ಒಂದು ನಲ್ಲಿ. ಡಬ್ಬಿಯೊಳಗಿನ ಒಂದೊಂದು ಹಾಳೆಯೂ ಚಂದ್ರಕಲಾ ಅದ್ದಿದ್ದು. ಮಡಿವಾಳಯ್ಯನವರು ವಿಭೂತಿ ಹಚ್ಚಿ, ಟಾಕಿಗೆ ಹಾರ ಹಾಕಿ, ಪಕ್ಕದ ಕಲ್ಲಿಗೆ ಕಾಯಿ ಒಡೆದರು. ಗುರುದೇವಿ ಊರವರಿಗೆ ಹೇಳಿದ್ದು ಒಂದೇ ಮಾತು: "ಟಾಕಿಯೊಳಗ ನೀರು ಬಿಟ್ಟು ಬ್ಯಾರೆ ಏನೂ ಹಾಕಬ್ಯಾಡ್ರಿ." ಎಲ್ಲರೂ ತಲೆಯಾಡಿಸಿದರು. ಏಕೆ ಹಾಕಬಾರದು, ಹಾಕಿದರೆ ಏನಾಗುತ್ತದೆ, ಆದರೆ ಏನು ಮಾಡಬೇಕು ಎಂದು ಅವಳು ಹೇಳಲಿಲ್ಲ. ಹೊಸ ನೀರು ಬಂದರೆ ನಿಮ್ಮಲ್ಲಿ ಏನು ಮಾಡುತ್ತೀರಿ ಎಂದು ಹೆಣ್ಣುಮಕ್ಕಳನ್ನು ಯಾರೂ ಕೇಳಲೂ ಇಲ್ಲ.

ಆರು ದಿನ ಊರು ಆ ನೀರು ಕುಡಿಯಿತು. ಚಂದ್ರಕಲಾ ದಿನಾ ಬೆಳಿಗ್ಗೆ ಶೀಸೆ ತುಂಬಿಕೊಂಡು ಹೋಗುವಳು. ಗುರುದೇವಿ ಅಳೆದು ನೋಡಿ ಹೆಬ್ಬೆರಳು ಎತ್ತುವಳು. ಅಂಬಿಕಾ ಶಾಲೆ ಬಿಟ್ಟೊಡನೆ ನಲ್ಲಿಗೆ ಬಾಯಿ ಹಚ್ಚಿ ಹೊಟ್ಟೆ ಉಬ್ಬುವಂತೆ ಕುಡಿದಳು. ಚೌಡೇಶ "ನಮ್ಮ ಮನಿಯಾಕಿ ಈಗ ವಿಜ್ಞಾನಿ ಆಗ್ಯಾಳ, ರೊಟ್ಟಿ ಬಡಿ ಅಂತ ಹೇಳ್ಳಿಕ್ಕೂ ಅಂಜಿಕಿ ಬರ್ತದ" ಎಂದು ಓಣಿಯಲ್ಲೆಲ್ಲ ಆಡಿಕೊಂಡ. ಮರೆಮ್ಮ ಆ ನೀರಿನ ಚಹಾ ಕುಡಿದು, ಬಸಿಯನ್ನು ಕೆಳಗಿಡದೆ ಅದರ ತಳವನ್ನೇ ನೋಡತೊಡಗಿದಳು.

"ಏನಾಯ್ತ ಅತ್ತಿ?"

"ಸೊಸಿ ಕೈಲೆ ಗಂಗವ್ವ ಮನೀಗಿ ಬಂದಾಳ. ಬರೇ ಕೈಲೆ ಹ್ಯಾಂಗ ಕೂಡಿಸ್ಲಿ ಅಂತ ಚಿಂತಿ ಹತ್ತೇದ."

ಚಂದ್ರಕಲಾ ನಕ್ಕು ರೊಟ್ಟಿ ಬಡಿಯಲು ಹೋದಳು. ಆ ಮಾತನ್ನು ಅವಳು ಬರಿಯ ಮಾತೆಂದೇ ತಿಳಿದಳು.

ಹೊಳೆದಂಡೆಯ ಈ ಮನೆಗಳಲ್ಲಿ ಹೊಸ ನೀರಿಗೆ ಉಡಿ ತುಂಬುವುದು ಅಜ್ಜ ಮುತ್ತಜ್ಜರ ಕಾಲದ ನಡೆ. ಬಾವಿ ತೋಡಿದರೂ, ಮಳೆಗಾಲದ ಮೊದಲ ಹೊಳೆ ಬಂದರೂ ಐದು ಮಂದಿ ಮುತ್ತೈದೆಯರು ಹೋಗಿ ಕುಪ್ಪಸದ ಕಣ, ಉತ್ತತ್ತಿ, ಅರಿಶಿನ ಬೇರು ಇಟ್ಟು, ನೀರಿಗೆ ಅರಿಶಿನ ಕುಂಕುಮ ಬಿಟ್ಟು ಹಾಲೆರೆಯುತ್ತಾರೆ. ಏಳನೆಯ ದಿನ ಮಂಗಳವಾರ. ಸೊಸೆ ಸೇಡಂಗೆ ಹೋದ ಮೇಲೆ ಮರೆಮ್ಮ ಗೂಡಿನಿಂದ ಟಾಕಿಯ ಕೀಲಿ ತೆಗೆದಳು. ತಾನು ವಿಧವೆ, ಮುಟ್ಟಬಾರದೆಂದು ದೂರ ಕೂತು ಓಣಿಯ ಐವರ ಕೈಯಲ್ಲಿ ಉಡಿ ತುಂಬಿಸಿದಳು.

ಸಂಜೆ ಚಂದ್ರಕಲಾ ಬಂದಾಗ ಟಾಕಿಯ ಅಂಚಿಗೆ ಅರಿಶಿನ ಒಣಗಿತ್ತು.

"ಅತ್ತಿ, ಕೀಲಿ ಯಾರು ತಗ್ದಾರ?"

"ನಾನೇ ಕೊಟ್ಟೀನಿ. ಕಳ್ರು ಬಂದಿದ್ರು ಅಂದ್ಕೊಂಡಿ ಏನ? ಕುಂದ್ರು, ಪರಸಾದ ತಿನ್ನು. ನಿನ್ನ ಹೆಸರಿಲೇ ಉಡಿ ತುಂಬ್ಸೀನಿ."

"ಹಾಲು ಎಲ್ಲಿ ಹಾಕ್ಸೀದಿ?"

"ಎಲ್ಲಿ ಅಂದ್ರ? ನೀರಾಗ. ಬಾವಿಗಿ ಹಾಲು ಹಾಕವ್ರು ದಂಡಿಗಿ ಹಾಕ್ತಾರೇನು?"

"ನೀರು ಬಿಟ್ಟು ಏನೂ ಹಾಕಬ್ಯಾಡ್ರಿ ಅಂತ ಮೇಡಂ ಹೇಳಿದ್ದಿಲ್ಲೇನು? ಸರ್ ಪೂಜಿ ಮಾಡಿದ್ದಿಲ್ಲೇನು?"

"ಅದು ಮಶೀನಿನ ಪೂಜಿ ಬಿಡು, ಟೆಂಪೋಕ್ಕೂ ಮಾಡ್ತಾರ. ಗಂಗವ್ವಗ ಯಾರು ಮಾಡಿದ್ರು? ಹಣಮಮ್ಮನ ಎಮ್ಮಿ ಹಾಲು, ಎರಡು ತಂಬಿಗಿ. ಪಾಕೀಟಿನ ಹಾಲು ಹಾಕ್ಲಿಕ್ಕಿ ನಾವೇನು ಭಿಕಾರಿಗೋಳೇನು?"

ನೆಲ ನೋಡುತ್ತಲೇ ಇರುವ ಆ ಮುಖದಲ್ಲಿ ಅಂಥ ನಗೆಯನ್ನು ಚಂದ್ರಕಲಾ ಬಹಳ ವರ್ಷಗಳಿಂದ ಕಂಡಿರಲಿಲ್ಲ. ಪ್ರಸಾದ ತಿಂದು, ಹೊರಗೆ ಹೋಗಿ ಟಾಕಿ ಖಾಲಿ ಮಾಡಿ ಮೂರು ಸಲ ತಿಕ್ಕಿ ತೊಳೆದಳು. ನಲ್ಲಿ ತಿರುಗಿಸಿದರೆ ನೀರು ಬಂತು. ಆಯಿತು, ಹೋಯಿತು ಎಂದುಕೊಂಡಳು. ಆದರೆ ನಲವತ್ಮೂರು ಡಿಗ್ರಿ ಬಿಸಿಲಿನಲ್ಲಿ ಎಮ್ಮೆ ಹಾಲಿನ ಜಿಡ್ಡು ಡಬ್ಬಿಯೊಳಗಿನ ಪೊರೆಗೆ ಹತ್ತಿ ಕೂತಿತ್ತು. ಮರುದಿನ ಧಾರೆ ಸಣ್ಣದಾಯಿತು. ಅದರ ಮರುದಿನ ನೂಲಿನಂತಾಯಿತು. ಚಂದ್ರಕಲಾ ಎಂದಿನಂತೆ ಶೀಸೆ ತುಂಬಿ ಒಯ್ದಳು, ಲ್ಯಾಬಿನಲ್ಲಿ ಧಾರೆಯ ಸುದ್ದಿ ಎತ್ತಲಿಲ್ಲ. ಶುಕ್ರವಾರ ಹನಿ.

ಶುಕ್ರವಾರವೇ ಪರಿಶೀಲನೆ. ಇನ್ನೂ ಹತ್ತು ಊರಿಗೆ ಇದನ್ನು ಹಾಕಬೇಕೋ ಬೇಡವೋ ಎಂದು ತೀರ್ಮಾನಿಸಲು ಬೆಂಗಳೂರಿನಿಂದ ಮೂವರು ಅಧಿಕಾರಿಗಳು ಬಂದರು. ಜೀಪಿನಿಂದ ಇಳಿಯುತ್ತಲೇ ಅವರಲ್ಲಿ ಹಿರಿಯರ ಕಣ್ಣು ಬೀಗ ಜಡಿದ ನಾಣ್ಯದ ಕೋಣೆಯ ಮೇಲೆ ಬಿತ್ತು.

"ಇದನ್ನೂ ಇವರೇ ಕೆಡಿಸಿದ್ದಾ? ಎಷ್ಟು ಕೊಟ್ಟರೂ ಉಳಿಸಿಕೊಳ್ಳೋ ಯೋಗ್ಯತೆ ಬೇಕಲ್ಲ" ಎಂದರು. ಉಳಿದಿಬ್ಬರು ನಕ್ಕರು. ಮಡಿವಾಳಯ್ಯನವರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. ಮೂರು ಹೆಜ್ಜೆ ಹಿಂದೆ ನಿಂತಿದ್ದ ಚಂದ್ರಕಲಾ ಕೇಳಿಸಿಕೊಂಡಳು.

ನಲ್ಲಿ ತಿರುಗಿಸಿದರು. ಹನಿ ಬಿತ್ತು. ಗುರುದೇವಿ ಬಗ್ಗಿ ನಲ್ಲಿಯನ್ನು ಇನ್ನಷ್ಟು ತಿರುಗಿಸಿ ನೋಡಿದಳು. ಆ ಹಿರಿಯರು ಬೇವಿನ ನೆರಳಲ್ಲಿ ನಿಂತ ಹೆಣ್ಣುಮಕ್ಕಳ ಕಡೆ ತಿರುಗಿ, "ನೀವೇನಾದರೂ ಹಾಕಿದಿರಾ ಇದರೊಳಗೆ?" ಎಂದರು.

ಹಣಮಮ್ಮ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. ಹೇಳಲು ಅವಳಿಗೇಕೆ ಅಂಜಿಕೆ? ತನ್ನ ಎಮ್ಮೆಯ ಹಾಲು ಗಂಗವ್ವನಿಗೆ ಸಂದದ್ದು ಅವಳಿಗೆ ಹೆಮ್ಮೆಯ ಮಾತು. ಅವಳ ಬೆನ್ನ ಹಿಂದೆ, ಶಾಲೆಯ ಮೆಟ್ಟಿಲ ಮೇಲೆ, ಮರೆಮ್ಮ ಕೂತಿದ್ದಳು. ಚಂದ್ರಕಲಾಳಿಗೆ ಕಂಡದ್ದು ಮುಂದೆ ಬರೆಯಲಿರುವ ಕಾಗದ: ನಾಣ್ಯದ ಕೋಣೆಯ ಕಡತದ ಆ ಎರಡು ಪದ, ಈ ಸಲ ತನ್ನ ಅತ್ತೆಯ ಹೆಸರಿನ ಜೊತೆ.

"ಹೌದ್ರಿ ಸಾಹೇಬ್ರ, ನಾವು..." ಎಂದು ಹಣಮಮ್ಮ ಬಾಯಿ ತೆರೆದಳು.

"ನಂದೇ ತಪ್ಪಾಗೇದ್ರಿ!" ಚಂದ್ರಕಲಾಳ ದನಿ ಅವಳಿಗೇ ಗುರುತು ಸಿಗಲಿಲ್ಲ. "ಪೊರಿ ಮಾಡಾಕಿ ನಾನೇ ರಿ. ಕಡ್ಡಿಗಿ ಎರಡು ಸುತ್ತು ಟೇಪು ಹಾಕೋ ಬದ್ಲಿ ಮೂರು ಹಾಕೀನಿ. ಅದ್ದೋದೂ ತಡಾ ಮಾಡೀನಿ. ಮ್ಯಾಲ ಕೆನಿ ಕಟ್ಟಿ ರಂಧ್ರ ಮುಚ್ಚ್ಯಾವ. ಇವರೇನೂ ಮಾಡಿಲ್ರಿ."

ಗುರುದೇವಿ ತಟ್ಟನೆ ಅವಳ ಕಡೆ ನೋಡಿದಳು. "ಅಲ್ಲ ಅಕ್ಕ, ಮೊದಲ ಆರು ದಿನ ನೀರು ಛಲೋ ಬಂದಿತ್ತಲ್ಲ?"

ಸರಿಯಾದ ಪ್ರಶ್ನೆ. ಅಲ್ಲೇ ಆ ಡಬ್ಬಿ ಬಿಚ್ಚಿದ್ದರೆ ಉತ್ತರವೂ ಸಿಗುತ್ತಿತ್ತು. ಬಿಚ್ಚಲು ಒಂದು ತಾಸು ಬೇಕು. ಸಾಹೇಬರಿಗೆ ಸೇಡಂನಲ್ಲಿ ಊಟ, ವಾಡಿಯಲ್ಲಿ ರೈಲು. "ಮೊದಮೊದಲು ಹಾಗೇ ಬರುತ್ತೆ, ಆಮೇಲೆ ಪೊರೆ ಅಮುಕಿಕೊಳ್ಳುತ್ತೆ" ಎಂದು ಹಿರಿಯರು ಕೈ ಬೀಸಿದರು. ಆಮೇಲೆ ಮಡಿವಾಳಯ್ಯನವರ ಕಡೆ ತಿರುಗಿ, ಅವಳು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ, "ಕಸ ಹೊಡೆಯೋರ ಕೈಲಿ ಪೊರೆ ಮಾಡಿಸ್ತೀರೇನ್ರಿ?" ಎಂದರು. ಮೂರು ವರ್ಷ ಆ ಕೈ ಮಾಡಿದ ಹಾಳೆಗಳ ಫೋಟೋ ಹಾಕಿ ಎರಡು ಪ್ರಬಂಧ ಪ್ರಕಟಿಸಿದ್ದ ಮಡಿವಾಳಯ್ಯನವರು, "ಇಲ್ಲ ಸರ್, ಒಮ್ಮೊಮ್ಮೆ ಸಹಾಯಕ್ಕೆ" ಎಂದರು.

ವರದಿ ಎಂಟು ದಿನದಲ್ಲಿ ಬಂತು. ಪೊರೆಯ ತಯಾರಿಕೆ ತರಬೇತಿಯಿಲ್ಲದ ಕೈಗಳನ್ನು ಅವಲಂಬಿಸಿದೆ, ವಿಸ್ತರಣೆಗೆ ಯೋಗ್ಯವಲ್ಲ ಎಂದಿತ್ತು. ಕೆಳಗೆ ಮಡಿವಾಳಯ್ಯನವರ ಸಹಿಯೂ ಇತ್ತು.

ಅದಾದ ಮೇಲೆ ಗುರುದೇವಿ ಡಬ್ಬಿಯನ್ನು ಲ್ಯಾಬಿಗೆ ತಂದು ಬಿಚ್ಚಿದಳು. ವಾಸನೆಗೆ ಮೂಗು ಮುಚ್ಚಿಕೊಂಡಳು. ಪೊರೆಯ ಮೇಲೆ ಹಳದಿ ಬಣ್ಣದ, ಗಿಣ್ಣಿನಂಥ ಪದರ ಕೂತಿತ್ತು. ಉಗುರಿನಿಂದ ಕೆರೆದು ನೋಡಿ ಚಂದ್ರಕಲಾಳನ್ನು ಕರೆದಳು.

"ಇದೇನಕ್ಕ?"

ಚಂದ್ರಕಲಾ ಅವಳ ಉಗುರಿಗೆ ಹತ್ತಿದ್ದನ್ನು ಸೆರಗಿನಿಂದ ಒರೆಸಿದಳು.

"ಹಾಲು ಹೌದಿಲ್ಲೋ?"

"ಹೌದ್ರಿ."

ಗುರುದೇವಿ ಪೊರೆಯನ್ನು ತಿಳಿಯಾದ ಕಾಸ್ಟಿಕ್ ಸೋಡಾದ ನೀರಿನಲ್ಲಿ ಮುಳುಗಿಸಿದಳು. ಜಿಡ್ಡು ಬಿಡುತ್ತಾ ಬಂತು. ಪೊರೆ ನೀಲಿಗೆ ತಿರುಗಿತು. ನೀಲಿಯಾದದ್ದು ಕಂಡು ಚಂದ್ರಕಲಾ, ಸತ್ತೇ ಹೋಯಿತು ಎಂದು ಕಣ್ಣು ಮುಚ್ಚಿದಳು. ತೊಳೆದು ಆಸಿಡ್ಡಿನ ನೀರಿಗೆ ಹಾಕಿದರೆ ಅದು ನಿಧಾನಕ್ಕೆ ಮೊದಲಿನ ಹಸಿರಿಗೇ ಬಂತು. ಮತ್ತೆ ಡಬ್ಬಿಗೆ ಸುತ್ತಿ ಅದೇ ಊರಿನ ನೀರು ಬಿಟ್ಟರು. ಧಾರೆ ಬಂತು, ಮೊದಲ ದಿನದಷ್ಟೇ ದಪ್ಪ. ಅಳೆದರು. ಕುಡಿಯಬಹುದಾದ ನೀರು.

ಬೀಳುತ್ತಿದ್ದ ಧಾರೆಗೆ ಚಂದ್ರಕಲಾ ಅಂಗೈ ಒಡ್ಡಿದಳು.

"ತೊಳದ್ರ ಆಗ್ತಿತ್ತಕ್ಕ. ಅರ್ಧ ದಿನದ ಕೆಲಸ ಇತ್ತು. ನೀ ಒಂದು ಮಾತು ಖರೆ ಹೇಳಿದ್ರ..." ಗುರುದೇವಿ ಅಳತೆಯ ಪಟ್ಟಿಯನ್ನು ಕಟ್ಟೆಯ ಮೇಲಿಟ್ಟಳು. ಅವಳ ಮೂರು ವರ್ಷವೂ ಆ ಡಬ್ಬಿಯೊಳಗೇ ಇತ್ತು.

"ತೊಳೀಲಿಕ್ಕಿ ಬರ್ತದಂತ ನನಗ ಯಾರು ಹೇಳಿದ್ರು ಮೇಡಂ? ಮೂರು ವರ್ಷ ಮಾಡೀನಿ. ಹೊಲಸಾದ್ರ ಏನ್ ಮಾಡ್ಬೇಕು ಅಂತ ಒಂದಿನ ಹೇಳಿದ್ರೇನು?"

ಗುರುದೇವಿ ಕೈ ಚಾಚಿ ಧಾರೆ ನಿಲ್ಲಿಸಿದಳು.

"ಖರೆ ಹೇಳಿದ್ರ ಅವ್ರು ಹಾಲು ಅಂತ ಬರೀತಿದ್ದಿಲ್ರಿ. ಮುದುಕಿ ಅಂತ ಬರೀತಿದ್ರು."

ಇಬ್ಬರೂ ಹೇಳಿದ್ದು ನಿಜ. ನಿಜ ಎರಡೂ ಕಡೆ ಇದ್ದಾಗ ಗೆಲ್ಲುವುದು ಕಡತ. ಇಬ್ಬರೂ ಮಡಿವಾಳಯ್ಯನವರ ಬಳಿ ಹೋದರೆ, "ಎಲ್ಲರ ಮುಂದ ನೀನೇ ಒಪ್ಪೀದಿ, ನಾನೂ ಸಹಿ ಮಾಡೀನಿ. ಈಗ ಬ್ಯಾರೆ ಬರದ್ರ ನಾವೇ ಸುಳ್ಳರು ಆಗ್ತೀವಿ. ಒಪ್ಪಿಗಿ ಇಲ್ದ ಡಬ್ಬಿ ತಿರುಗಿ ಊರಿಗಿ ಒಯ್ಯೋಹಂಗಿಲ್ಲ" ಎಂದು ಚಷ್ಮಾ ತೆಗೆದು ಒರೆಸುತ್ತಾ ಕೂತರು. ಕೆಟ್ಟ ಮನುಷ್ಯರಲ್ಲ. ಕೆಟ್ಟವರು ಮಾಡುವುದಕ್ಕಿಂತ ಹೆಚ್ಚು ಹಾಳನ್ನು ಇಂಥ ಒಳ್ಳೆಯವರೇ ಕೂತಲ್ಲಿಂದ ಮಾಡುತ್ತಾರೆ. ಗುರುದೇವಿ ತಾನೇ ಬೆಂಗಳೂರಿಗೆ ಬರೆದಳು, ಅಳತೆಯ ಪಟ್ಟಿ ಹಚ್ಚಿ ಬರೆದಳು. ಶ್ರಾವಣದಲ್ಲಿ ಉತ್ತರ ಬಂತು: ಯೋಜನೆ ಮುಕ್ತಾಯವಾಗಿದೆ, ಉಪಕರಣಗಳನ್ನು ಉಗ್ರಾಣಕ್ಕೆ ಹಿಂದಿರುಗಿಸತಕ್ಕದ್ದು. ಯೋಜನೆಯ ಜೊತೆ ಚಂದ್ರಕಲಾಳ ಗುತ್ತಿಗೆಯೂ ಮುಗಿಯಿತು. ಮರುವಾರದಿಂದ ಅವಳು ಸೇಡಂನ ಬೇಳೆ ಮಿಲ್ಲಿನಲ್ಲಿ ತೊಗರಿ ಆರಿಸುತ್ತಿದ್ದಳು. ಬೆರಳ ಸಂದಿಯ ಹಸಿರು ಇನ್ನೂ ಪೂರ್ತಿ ಹೋಗಿರಲಿಲ್ಲ.

ಘಟಕ ಬಿಚ್ಚಲು ಟೆಂಪೋ ಬಂದ ದಿನ ಅವಳು ಮಿಲ್ಲಿಗೆ ಹೋಗಲಿಲ್ಲ. ಟಾಕಿ ಇಳಿಸಿದರು, ಸೋಲಾರ್ ಹಲಗೆ ಕಳಚಿದರು, ನಲ್ಲಿಯನ್ನೂ ಬಿಡಲಿಲ್ಲ. ಮರೆಮ್ಮ ಶಾಲೆಯ ಮೆಟ್ಟಿಲ ಮೇಲೆ ಕೂತು, ಅವಳ ಕಣ್ಣಿಗೆ ಎಟುಕುವಷ್ಟನ್ನು, ಟೆಂಪೋದ ಗಾಲಿಗಳನ್ನು, ನೋಡುತ್ತಿದ್ದಳು. ಗಾಲಿ ತಿರುಗಿ ಧೂಳೆದ್ದು ಅಡಗಿದ ಮೇಲೆ ಕೇಳಿದಳು.

"ಹಾಲು ಕಡಿಮಿ ಬಿತ್ತೇನ ಚಂದ್ರಿ?"

"ಇಲ್ಲತ್ತಿ. ಬೇಕಾದಷ್ಟಿತ್ತು."

"ಮತ್ತ ಗಂಗವ್ವ ಯಾಕ ನಿಲ್ಲವಲ್ಲಳು ನಮ್ಮೂರಾಗ?"

ಚಂದ್ರಕಲಾ ಕೊಡ ಎತ್ತಿಕೊಂಡು ಬೋರಿನ ಕಡೆ ನಡೆದಳು. ಅಂಬಿಕಾ ಬಿಂದಿಗೆ ಹಿಡಿದು, ಒಂದು ಕಾಲನ್ನು ಜರಾ ಎಳೆಯುತ್ತಾ ಹಿಂದೆ ಬಂದಳು. ತಾಯಿ ಹ್ಯಾಂಡಲ್ ಒತ್ತಿದಳು. ನೀರು ಬಂದೊಡನೆ ಮಗಳು ಬೊಗಸೆ ಒಡ್ಡಿ ಬಾಯಿಗೆ ಒಯ್ದಳು.

"ಇಲ್ಲಿ ಬ್ಯಾಡ" ಎಂದು ಚಂದ್ರಕಲಾ ಅವಳ ಕೈ ತಟ್ಟಿ ನೀರು ಚೆಲ್ಲಿಸಿದಳು. "ಮನೀಗಿ ಹೋಗಿ ಕುಡೀವಂತಿ."

ಮಗಳು ಹೂಂ ಎಂದಳು. ಮನೆಯ ಹಂಡೆಯಲ್ಲಿದ್ದದ್ದೂ ಇದೇ ಬೋರಿನ ನೀರೆಂದು ಇಬ್ಬರಿಗೂ ಗೊತ್ತಿತ್ತು.